ಮಂತ್ರಿಗಳ ಇಪ್ಪತ್ತು ನಿಮಿಷ

ಮಂತ್ರಿಗಳ ಕಚೇರಿಯಲ್ಲಿ ನಗಬಾರದು ಅಂತ ಎಲ್ಲೂ ಬರೆದು ಹಾಕಿಲ್ಲ. ಆದರೂ ಅಲ್ಲಿ ಯಾರೂ ನಗುವುದಿಲ್ಲ. ಹಾಗಾಗಿ ನಗು ತರಿಸುವ ಸಂಗತಿಗಳು ಅಲ್ಲಿ ಯಾವ ಅಡ್ಡಿಯೂ ಇಲ್ಲದೆ ದಿನಾ ನಡೆಯುತ್ತಲೇ ಇರುತ್ತವೆ. ಅಂಥವನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ನಿವೃತ್ತನಾದವನು ನಾನು. ಈಗ ಊಟವಾದ ಮೇಲೆ ಪುಣೆಯ ಹಡಪಸರದ ನಮ್ಮ ಮನೆಯ ಬಾಲ್ಕನಿಯಲ್ಲಿ ಆರಾಮ ಕುರ್ಚಿಗೆ ಒರಗಿದರೆ, ಕೆಳಗಿನ ರಸ್ತೆಯ ಹಾರ್ನುಗಳು ಮೆಲ್ಲಗೆ ದೂರ ಸರಿಯುತ್ತವೆ. ಅರ್ಧ ನಿದ್ದೆಯಲ್ಲಿ ಅವೆಲ್ಲ ಒಂದೊಂದಾಗಿ ಬಂದು ನಿಲ್ಲುತ್ತವೆ. ಕಣ್ಣು ಮುಚ್ಚಿಕೊಂಡು ಯಾಕೆ ನಗುತ್ತೀರಿ ಅಂತ ಹೆಂಡತಿ ಬಂದು ಕೇಳುತ್ತಾಳೆ.

ನಾನು ಟೈಪಿಸ್ಟ್. ನಮ್ಮ ಅಜ್ಜ ವಿಜಯಪುರದಿಂದ ಬಂದು ಪುಣೆಯ ಒಂದು ಅರಿವೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ನಾನು ಇಲ್ಲೇ ಹುಟ್ಟಿ, ಇಲ್ಲೇ ಒಂದು ಅರ್ಥಶಾಸ್ತ್ರ ಸಂಸ್ಥೆಯಲ್ಲಿ ಟೈಪಿಂಗಿಗೆ ಸೇರಿಕೊಂಡೆ. ಅಲ್ಲಿ ಗದಗದ ಕಡೆಯ ಒಬ್ಬ ತರುಣ ಪ್ರಾಧ್ಯಾಪಕರಿದ್ದರು. ಇಡೀ ಸಂಸ್ಥೆಗೆ ಕನ್ನಡದವರು ನಾವಿಬ್ಬರೇ. ಮುಂದೆ ಅವರು ಮಂತ್ರಿಯಾದಾಗ ನನ್ನನ್ನೂ ಆಪ್ತ ಸಹಾಯಕ ಅಂತ ಜೊತೆಗೆ ಕರೆದೊಯ್ದರು. ಯಾಕೆ ನಾನೇ ಅಂತ ಯಾರೋ ಕೇಳಿದ್ದಕ್ಕೆ, ಇವನ ಮುಂದೆ ಆಕಳಿಸಿದರೆ ತಪ್ಪು ತಿಳಿಯೋದಿಲ್ಲ ಅಂದರಂತೆ.

ಮುಚ್ಚಿದ ಬಾಗಿಲ ಸಮೀಕ್ಷೆ

ಪುಣೆಯ ಹಳೆಯ ಅಂಗಡಿಗಳು ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಸಾಕ್ಷಾತ್ ಬ್ರಹ್ಮನೇ ಗಿರಾಕಿಯಾಗಿ ಬಂದರೂ ಮೆಟ್ಟಿಲ ಮೇಲೆ ಕಾಯಬೇಕು. ಹೀಗೆ ಯಾಕೆ ಮುಚ್ಚುತ್ತಾರೆ, ಇದರಿಂದ ಯಾರಿಗೆ ನಷ್ಟ ಎಂಬುದೇ ನಮ್ಮ ಪ್ರಾಧ್ಯಾಪಕರ ಮೊದಲ ಸಂಶೋಧನೆಯ ವಿಷಯ. ನಲವತ್ತು ಪ್ರಶ್ನೆಗಳನ್ನು ನಾನೇ ಟೈಪ್ ಮಾಡಿದೆ. ಬೆಳಿಗ್ಗೆ ಅವರಿಗೆ ಪಾಠ, ಸಂಜೆ ಸಭೆ. ಅಂಗಡಿಕಾರರನ್ನು ಕಂಡು ಪ್ರಶ್ನೆ ಕೇಳಲು ನಮಗೆ ಬಿಡುವಿದ್ದದ್ದು ಒಂದರಿಂದ ನಾಲ್ಕರವರೆಗೆ ಮಾತ್ರ. ಇದರಲ್ಲೇನೋ ತೊಡಕಿದೆ ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒಬ್ಬರು ದೊಡ್ಡ ವಿದ್ವಾಂಸರು, ಇನ್ನೊಬ್ಬ ಕೊಟ್ಟದ್ದನ್ನು ಟೈಪ್ ಮಾಡುವವನು.

ಮೊದಲ ದಿನ ಕ್ಯಾಂಪ್ ಎಂಬ ಹಳೆಯ ಬಡಾವಣೆಯ ಒಂದು ಗಲ್ಲಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿಗೆ ಹೋದೆವು. ಬಾಗಿಲು ಹಾಕಿತ್ತು. ಬಾಗಿಲ ಮೇಲೆ ಮರಾಠಿಯಲ್ಲಿ ಒಂದು ಫಲಕ: ‘ಒಂದರಿಂದ ನಾಲ್ಕು ಬಂದ್. ಯಾಕೆ ಎಂದು ಕೇಳಬಾರದು.’ ಕೇಳಲಿಕ್ಕೇ ಬಂದವರು ನಾವು. ಹೇಗೂ ತೆರೆಯುತ್ತಾರಲ್ಲ, ಕೂಡೋಣ ಅಂತ ಪ್ರಾಧ್ಯಾಪಕರು ಮೆಟ್ಟಿಲ ಮೇಲೆ ಕೂತರು, ನಾನೂ ಕೂತೆ. ಎದುರಿಗೆ ಒಂದು ದೊಡ್ಡ ಮಳೆಮರ. ಅದರ ನೆರಳು ಗಲ್ಲಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಹಾಸಿತ್ತು. ಯಾವುದೋ ಬೇಕರಿಯಿಂದ ಬಿಸಿ ಬ್ರೆಡ್ಡಿನ ವಾಸನೆ ತೇಲಿ ಬರುತ್ತಿತ್ತು. ಬಾಗಿಲ ಹಿಂದೆ ನೂರು ಗಡಿಯಾರಗಳು ಟಿಕ್ ಟಿಕ್ ಅನ್ನುತ್ತಿದ್ದವು, ಒಂದೂ ಇನ್ನೊಂದರ ಜೊತೆ ಕೂಡದೆ. ಎಂಥ ಸುಖದ ಗಲ್ಲಿ ಅಂದುಕೊಂಡದ್ದು ನೆನಪಿದೆ, ಆಮೇಲಿನದು ನೆನಪಿಲ್ಲ.

ನಾಲ್ಕಕ್ಕೆ ಅಂಗಡಿಕಾರ ಬಾಗಿಲು ತೆರೆದು ನಮ್ಮಿಬ್ಬರನ್ನೂ ಅಲುಗಿಸಿ ಎಬ್ಬಿಸಿದ. ಏನು ಕೆಲಸ ಅಂತ ಕೇಳಿದ. ಪ್ರಾಧ್ಯಾಪಕರು ಪ್ರಶ್ನೆಗಳ ಹಾಳೆಯನ್ನು ನೋಡಿದರು, ಮರವನ್ನು ನೋಡಿದರು, ಏನೂ ಇಲ್ಲ ಅಂದರು. ವಾಪಸು ಬಂದು ‘ಮುಚ್ಚಲು ಕಾರಣ’ ಎಂಬ ಜಾಗದಲ್ಲಿ ‘ಬಂದು ಕೂತು ನೋಡಬೇಕು’ ಅಂತ ಬರೆದುಕೊಟ್ಟರು. ಸಂಸ್ಥೆಯ ನಿರ್ದೇಶಕರು ಅದನ್ನು ಹಿಂದಕ್ಕೆ ಕಳಿಸಿದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಇದು ಉತ್ತರವಲ್ಲ, ಆಮಂತ್ರಣ.’

ಎಲ್ಲದಕ್ಕೂ ಆತು

ಅವತ್ತಿನಿಂದ ಪ್ರಾಧ್ಯಾಪಕರಿಗೆ ಊಟವಾದ ಮೇಲೆ ಇಪ್ಪತ್ತು ನಿಮಿಷ ಮಲಗುವ ಅಭ್ಯಾಸ ಹತ್ತಿತು. ಎದ್ದ ಕೂಡಲೇ ತಲೆ ತಿಳಿಯಾಗಿ ಒಂದೇ ಮಾತು ಬರುತ್ತಿತ್ತು: ಯಾಕ? ಸರ್ಕಾರ ಏನು ಮಾಡಿದರೂ ಯಾಕೆ ಅಂತ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ವರ್ಷಗಟ್ಟಲೆ ಬರೆದರು. ಸರ್ಕಾರಕ್ಕೆ ಸಾಕಾಗಿ ಹೋಗಿ, ಕಡೆಗೆ ಅವರನ್ನೇ ಮೇಲ್ಮನೆಗೆ ತಂದು ವ್ಯಾಪಾರ ಖಾತೆಯ ಮಂತ್ರಿ ಮಾಡಿಬಿಟ್ಟಿತು.

ವಾರಕ್ಕೆ ಮೂರು ದಿನ ಮುಂಬಯಿ, ಉಳಿದ ದಿನ ಪುಣೆಯ ಕಚೇರಿ. ಮೊದಲ ಹತ್ತು ದಿನ ಜನವೋ ಜನ. ಮಧ್ಯಾಹ್ನ ಮಲಗುವುದಿರಲಿ, ಹಾರ ತೆಗೆದಿಡಲೂ ಪುರಸೊತ್ತಿಲ್ಲ. ಆಗ ನನಗೊಂದು ಭಯಂಕರ ಸಂಗತಿ ಗೊತ್ತಾಯಿತು. ನಿದ್ದೆ ಇಲ್ಲದಿದ್ದರೆ ಈ ಮನುಷ್ಯ ಎಲ್ಲದಕ್ಕೂ ಹ್ಞೂಂ ಅನ್ನುತ್ತಾರೆ. ಕನ್ನಡದವರು ಬಂದರೆ ‘ಆತು’, ಮರಾಠಿಯವರು ಬಂದರೆ ‘ಚಾಲೇಲ್’. ಒಂದೇ ಗಳಿಗೆಯಲ್ಲಿ ವಿಮಾನ ನಗರದಲ್ಲಿ ರಂಗೋಲಿ ಸ್ಪರ್ಧೆಗೂ ಕ್ಯಾಂಪಿನಲ್ಲಿ ಕುಸ್ತಿಗೂ ತೀರ್ಪುಗಾರರಾಗಲು ಒಪ್ಪಿಕೊಂಡರು. ಹಡಪಸರದಿಂದ ಒಬ್ಬ ಬಂದು ಮಾರ್ಕೆಟ್ಟಿನ ಮುಂದೆ ಗಟಾರ ತೋಡಿಸಬೇಕು ಅಂದ. ಆತು. ಅವನ ಹಿಂದೆಯೇ ಇನ್ನೊಬ್ಬ ಬಂದು, ಯಾವ ಕಾರಣಕ್ಕೂ ಅಲ್ಲಿ ಗಟಾರ ತೋಡಿಸಬಾರದು ಅಂದ. ಅದಕ್ಕೂ ಆತು. ಮಾರನೆಯ ದಿನ ಇಬ್ಬರೂ ಪೇಢೆಯ ಪೆಟ್ಟಿಗೆ ಹಿಡಿದು ಕೃತಜ್ಞತೆ ಹೇಳಲು ಬಂದು ಬಾಗಿಲಲ್ಲಿ ಎದುರುಬದುರಾದರು. ಪರಸ್ಪರ ಪೇಢೆ ತಿನ್ನಿಸಿಕೊಂಡ ಮೇಲೆ ವಿಷಯ ಗೊತ್ತಾಯಿತು.

ಸಂಜೆ ವೈನಿ ನನ್ನನ್ನು ಮನೆಗೆ ಕರೆಸಿದರು. ವೈನಿ ಅಂದರೆ ಪ್ರಾಧ್ಯಾಪಕರ ಹೆಂಡತಿ. ಸಿಟ್ಟು ಮಾಡುವವರಲ್ಲ. ನನ್ನ ಮುಂದೆ ಚಹಾ ಇಟ್ಟು ಮೆತ್ತಗೆ ಹೇಳಿದರು:

“ತಮ್ಮಾ, ಅವರಿಗೆ ಊಟ ಆದಮ್ಯಾಲೆ ಇಪ್ಪತ್ತು ನಿಮಿಷ ನಿದ್ದಿ ಬೇಕ ಬೇಕು. ಇಲ್ಲಂದ್ರ ಅವರು ಅವರಾಗಿ ಉಳಿಯೂದಿಲ್ಲ. ಉಳಿದದ್ದೆಲ್ಲ ಸರಕಾರ ನೋಡ್ಕೊಳ್ಳಲಿ. ಇದೊಂದು ನೀ ನೋಡ್ಕೊ.”

ನಾನು ಮಾತು ಕೊಟ್ಟೆ. ಇಷ್ಟು ಸಣ್ಣ ಮಾತು ಉಳಿಸಿಕೊಳ್ಳುವುದು ಏನು ಕಷ್ಟ ಅಂದುಕೊಂಡು ಚಹಾ ಕುಡಿದು ಎದ್ದೆ. ಬಾಗಿಲವರೆಗೆ ಬಂದಾಗ ಒಳಗಿನಿಂದ ಮಂತ್ರಿಗಳು ಯಾರಿಗೋ ಫೋನಿನಲ್ಲಿ ಆತು, ಆತು ಅನ್ನುವುದು ಕೇಳಿಸಿತು. ಕೇಳಿದರೆ ರಾಂಗ್ ನಂಬರಂತೆ.

ಆಳವಾದ ಯೋಚನೆ

ಎರಡರಿಂದ ಎರಡೂ ಇಪ್ಪತ್ತರವರೆಗೆ ಬಾಗಿಲು ಹಾಕಿಸಿದೆ. ಬಂದವರಿಗೆ ಏನು ಹೇಳುವುದು? ಸುಳ್ಳು ಹೇಳಬಾರದು ಅಂತ ಮಂತ್ರಿಗಳ ಅಪ್ಪಣೆ. ನಿಜ ಹೇಳಿದರೆ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಯೋಚಿಸಿ ಯೋಚಿಸಿ, ಸಾಹೇಬರು ಆಳವಾದ ಯೋಚನೆಯಲ್ಲಿದ್ದಾರೆ ಅನ್ನತೊಡಗಿದೆ. ಅವರ ಯೋಚನೆ ನಡೆಯುವುದು ನಿದ್ದೆಯಲ್ಲೇ ಆದ್ದರಿಂದ ಇದು ಸುಳ್ಳಲ್ಲ ಅಂತ ನನ್ನ ಲೆಕ್ಕ.

ವಾರದೊಳಗೆ ಮಂತ್ರಿಗಳು ಧ್ಯಾನ ಮಾಡುತ್ತಾರೆ ಅಂತ ಸುದ್ದಿ ಹಬ್ಬಿತು. ಜನ ಚಪ್ಪಲಿ ಹೊರಗೆ ಬಿಟ್ಟು ಬರತೊಡಗಿದರು. ಒಬ್ಬ ಹೆಣ್ಣುಮಗಳು ಬಾಗಿಲಿಗೆ ಊದುಬತ್ತಿ ಬೆಳಗಿ ಹೋದಳು. ಕಾಯುವ ಕೋಣೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಮೇಲೆ ಹಳೆಯ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು, ಕಿಟಕಿಯಾಚೆ ಕೋಗಿಲೆ, ಊದುಬತ್ತಿಯ ಹೊಗೆ. ಒಬ್ಬೊಬ್ಬರದೇ ತಲೆ ವಾಲುತ್ತಿತ್ತು. ಬಾಗಿಲಲ್ಲಿ ನಿಂತ ಪೊಲೀಸನೂ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದ. ಇಡೀ ಸರ್ಕಾರಿ ಕಟ್ಟಡ ಯಾವುದೋ ಕೆರೆಯ ತಳಕ್ಕೆ ಇಳಿದುಹೋಗಿದೆ ಅನ್ನಿಸುತ್ತಿತ್ತು. ಅದರೊಳಗೆ ಎಚ್ಚರ ಇದ್ದವನು ನಾನೊಬ್ಬನೇ, ಅದೂ ಕಷ್ಟಪಟ್ಟು.

ಒಂದು ದಿನ ಹಾಗೆ ಮಲಗಿದ್ದ ಒಬ್ಬ ವ್ಯಾಪಾರಿ ಎದ್ದು ಮೈ ಮುರಿದು, ಚಪ್ಪಲಿ ಹಾಕಿಕೊಂಡು ಹೊರಟ. ಸಾಹೇಬರನ್ನು ಕಾಣುವುದಿಲ್ಲವೇ, ಈಗ ಬಾಗಿಲು ತೆರೆಯುತ್ತದೆ ಅಂದೆ. ಅವನು ಹೇಳಿದ: ನಿನ್ನೆಯಿಂದ ಸಿಟ್ಟಿನಲ್ಲಿ ಕುದಿಯುತ್ತಾ ಬಂದಿದ್ದೆ, ಈಗ ಯಾರ ಮೇಲೆ ಸಿಟ್ಟು ಅಂತ ನೆನಪಾಗುತ್ತಿಲ್ಲ. ನೆನಪಾದರೆ ನಾಳೆ ಇದೇ ಹೊತ್ತಿಗೆ ಬರುತ್ತೇನೆ. ನೆನಪಾಗದಿದ್ದರೂ ಬರುತ್ತೇನೆ.

ಇದು ಯಾರ ಆನೆ?

ನಮ್ಮ ಖಾತೆಯ ಕಾರ್ಯದರ್ಶಿಗಳು ಬೆಂಗಳೂರಿನ ಕಡೆಯವರು. ಒಳ್ಳೆಯ ಮನುಷ್ಯ, ಭಾರಿ ಚುರುಕು, ಮಧ್ಯಾಹ್ನ ಮಲಗುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿ. ಅವರು ಒಮ್ಮೆ ಒಂದು ಉಗ್ರಾಣದ ದುರಸ್ತಿಯ ಕಡತವನ್ನು ಸಹಿಗೆ ಕಳಿಸಿದರು. ಮಂತ್ರಿಗಳು ಅದನ್ನು ತೆರೆದಿಟ್ಟುಕೊಂಡೇ ಮಲಗಿದ್ದರು. ಎದ್ದವರೇ ಅರೆಗಣ್ಣಿನಲ್ಲಿ ಅದರ ಅಂಚಿನಲ್ಲಿ ಕನ್ನಡದಲ್ಲಿ ಏನೋ ಬರೆದು ಸಹಿ ಹಾಕಿ ಕೊಟ್ಟುಬಿಟ್ಟರು.

ಬರೆದದ್ದು: ‘ಇದು ಯಾರ ಆನೆ?’

ಮಂತ್ರಿಗಳನ್ನು ಹೀಗೆ ಅಂದರೇನು ಅಂತ ಕೇಳುವ ಧೈರ್ಯ ಕಾರ್ಯದರ್ಶಿಗಳಿಗಿರಲಿಲ್ಲ. ಕನ್ನಡ ಬಲ್ಲವರಾದ್ದರಿಂದ ಅದನ್ನು ಮರಾಠಿಗೆ ಅನುವಾದಿಸಿ, ಸಂಬಂಧಪಟ್ಟ ಇಲಾಖೆಗಳ ಅಭಿಪ್ರಾಯ ಕೇಳಿ ಕಳಿಸಿದರು. ಎರಡು ತಿಂಗಳಲ್ಲಿ ಕಡತ ಊದಿಕೊಂಡು ವಾಪಸು ಬಂತು. ಅರಣ್ಯದವರು ತಮ್ಮ ಆನೆಗಳೆಲ್ಲ ಇರುವಲ್ಲೇ ಇವೆ ಅಂದಿದ್ದರು. ಸಂಚಾರದವರು ಸದ್ಯ ಯಾವ ಆನೆಯೂ ರಸ್ತೆಗೆ ಅಡ್ಡವಾಗಿಲ್ಲ ಅಂದಿದ್ದರು. ಪುರಾತತ್ವದವರು ಆನೆ ಕಲ್ಲಿನದಾಗಿದ್ದರೆ ಫೋಟೋ ಕಳಿಸಲು ಕೋರಿದ್ದರು. ಕಾನೂನಿನವರು ಮಾತ್ರ ನಾಲ್ಕು ಪುಟ ಬರೆದು, ಒಡೆತನದ ವಿಷಯದಲ್ಲಿ ಆನೆಯ ಹೇಳಿಕೆಯನ್ನೂ ಪಡೆಯುವುದು ಸೂಕ್ತ ಅಂದಿದ್ದರು.

ಮಂತ್ರಿಗಳು ಒಂದೊಂದು ಪುಟವನ್ನೂ ಓದಿದರು. ಆಮೇಲೆ ನನಗೆ ಆ ದಿನದ ಕನಸು ಹೇಳಿದರು. ಕ್ಯಾಂಪಿನ ಅದೇ ಗಲ್ಲಿಯಲ್ಲಿ, ಮಳೆಮರದ ಕೆಳಗೆ, ದೊಡ್ಡದೊಂದು ಆನೆ ಮಲಗಿತ್ತಂತೆ. ಅದಕ್ಕೆ ಎಚ್ಚರವಾಗಬಾರದು ಅಂತ ಅಂಗಡಿಯವರೆಲ್ಲ ಸದ್ದಿಲ್ಲದೆ ಬಾಗಿಲು ಎಳೆದುಕೊಳ್ಳುತ್ತಿದ್ದರಂತೆ. ಇವರು ಮನೆಮನೆಗೆ ಹೋಗಿ ಇದು ಯಾರ ಆನೆ ಅಂತ ಪಿಸುಗುಟ್ಟಿ ಕೇಳುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಅವರ ಮುಖ ಸಣ್ಣಗಾಯಿತು.

“ಅಂದ್ರ ಅದು ಯಾರದೂ ಅಲ್ಲೇನ? ಪಾಪ. ನಮ್ಮಲ್ಲೇ ಇರ್ಲಿ ಬಿಡ್ರಿ.”

ಅಷ್ಟರಲ್ಲಿ ಒಳಗೆ ಬಂದಿದ್ದ ಕಾರ್ಯದರ್ಶಿಗಳ ಕಿವಿಗೆ ಈ ಕೊನೆಯ ಮಾತು ಬಿತ್ತು. ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಮೇವನ್ನು ಯಾವ ಖರ್ಚಿನ ಕೆಳಗೆ ತೋರಿಸೋದು ಅಂತ ಗಂಭೀರವಾಗಿ ಕೇಳಿದರು.

ಎರಡು ಗಂಟೆಯ ಸಭೆಗಳು

ಆನೆಯ ಪ್ರಕರಣದಿಂದ ಕಾರ್ಯದರ್ಶಿಗಳು ಪಾಠ ಕಲಿತರು. ಊಟವಾಗಿ ಮಲಗಿ ಎದ್ದ ಮಂತ್ರಿ ಯಾಕೆ ಅನ್ನುತ್ತಾರೆ, ಮಲಗದ ಮಂತ್ರಿ ಆತು ಅನ್ನುತ್ತಾರೆ ಎಂಬುದು ಅವರಿಗೂ ಗೊತ್ತಾಯಿತು. ಅಂದಿನಿಂದ ಎಲ್ಲ ಮುಖ್ಯ ಸಭೆಗಳೂ ಎರಡು ಗಂಟೆಗೇ ಬಿದ್ದವು. ನಾನು ಬೇಡಿದೆ, ಸಮಯ ಹಿಂದೆ ಮುಂದೆ ಮಾಡಿದೆ, ಒಂದು ಸಲ ಸಭೆಯ ಕೋಣೆಯ ಬೀಗದ ಕೈ ಕಳೆದುಹೋಗಿದೆ ಅಂತ ನಾಟಕವನ್ನೂ ಆಡಿದೆ. ಅವರು ವರಾಂಡದಲ್ಲೇ ಸಭೆ ನಡೆಸಿದರು.

ಎಂಟು ದಿನ ಮಂತ್ರಿಗಳಿಗೆ ನಿದ್ದೆ ಇಲ್ಲ. ಯಾಕ ಎಂಬ ಮಾತು ನಿಂತೇಹೋಯಿತು. ಕಣ್ಣು ಗಾಜಿನ ಹಾಗೆ, ಬಾಯಲ್ಲಿ ಆತು. ಆಗ ಬಂತು ಆ ಕಡತ: ಪುಣೆಯಲ್ಲಿ ಇನ್ನು ಯಾವ ಅಂಗಡಿಯನ್ನೂ ಮಧ್ಯಾಹ್ನ ಮುಚ್ಚುವ ಹಾಗಿಲ್ಲ, ಮುಚ್ಚಿದರೆ ಪರವಾನಗಿ ರದ್ದು. ಕಾರ್ಯದರ್ಶಿಗಳು ನಕ್ಷೆ ತೋರಿಸಿ ವಿವರಿಸಿದರು. “ಸರ್, ಡೈಲಿ ಮೂರು ಅವರ್ ಇಡೀ ಸಿಟಿ ಸುಮ್ನೆ ಮಲಗಿರುತ್ತೆ. ಇದನ್ನ ಎಬ್ಬಿಸ್ಬೇಕು.” ಮಂತ್ರಿಗಳು ಆತು ಅಂದರು. ಗುರುವಾರ ಸಹಿ ಅಂತ ನಿಗದಿಯಾಯಿತು.

ಬುಧವಾರ ಸಂಜೆ ನಾನು ಕ್ಯಾಂಪಿಗೆ ಹೋದೆ. ಗಡಿಯಾರದ ಅಂಗಡಿಕಾರ ಈಗ ಅಜ್ಜನಾಗಿದ್ದ, ಫಲಕ ಅದೇ ಇತ್ತು. ವಿಷಯ ಹೇಳಿದೆ. ಅಜ್ಜ ಕಣ್ಣಿನ ಮಸೂರ ತೆಗೆದಿಟ್ಟು, ಮಧ್ಯಾಹ್ನ ಕಣ್ಣಿಗೆ ವಿಶ್ರಾಂತಿ ಇಲ್ಲದಿದ್ದರೆ ಸಂಜೆ ಸಣ್ಣ ಸ್ಕ್ರೂ ಕಾಣುವುದಿಲ್ಲ, ಹಾಗೇನಾದರೂ ಆದೇಶ ಬಂದರೆ ಪೂರ್ತಿಯಾಗೇ ಮುಚ್ಚಿಬಿಡುತ್ತೇನೆ ಅಂದ. ದೂರು ಹೇಳಲಿಲ್ಲ, ಬೈಯಲೂ ಇಲ್ಲ. ನನಗೆ ಅವಮಾನವಾಯಿತು. ವೈನಿಗೆ ಮಾತು ಕೊಟ್ಟವನು ನಾನು. ನಾನು ಆ ಇಪ್ಪತ್ತು ನಿಮಿಷವನ್ನು ಕಾಪಾಡದೆ ಹೋದದ್ದಕ್ಕೆ ಈ ಅಜ್ಜನ ಅಂಗಡಿ ಹೋಗುತ್ತದಲ್ಲ. ಅಜ್ಜ ನನ್ನ ಕೈಗಡಿಯಾರ ನೋಡಿ ಐದು ನಿಮಿಷ ಮುಂದಿದೆ ಅಂದ. ಸರ್ಕಾರಿ ಕೆಲಸದಲ್ಲಿರುವವರ ಗಡಿಯಾರ ಮುಂದೆ ಇದ್ದದ್ದನ್ನು ಇದೇ ಮೊದಲ ಸಲ ನೋಡುತ್ತಿದ್ದೇನೆ ಅಂತಲೂ ಸೇರಿಸಿದ.

ಸ್ಥಳ ಪರಿಶೀಲನೆ

ಗುರುವಾರ ಎರಡು ಗಂಟೆ. ಕಡತ ಮೇಜಿನ ಮೇಲೆ. ಮಂತ್ರಿಗಳು ಪೆನ್ನಿನ ಮುಚ್ಚಳ ತೆಗೆದರು. ಅಲ್ಲಿ ಮಾತಾಡುವ ಹಕ್ಕು ನನಗಿರಲಿಲ್ಲ, ಆದರೂ ಬಾಯಿಗೆ ಬಂತು.

“ಸರ್, ಸಹಿಗಿಂತ ಮೊದಲ ಒಮ್ಮೆ ಜಾಗ ನೋಡಿ ಬರೂಣೇನ್ರಿ? ಕಣ್ಣಿಲೆ ನೋಡದ ಬರೀಬಾರ್ದು ಅಂತ ನೀವ ಕಲಿಸಿದ್ರಿ.”

ಆತು ಅಂದರು. ಎಲ್ಲದಕ್ಕೂ ಆತು ಅನ್ನುತ್ತಿದ್ದವರು ನನಗೂ ಅಂದರು ಅಷ್ಟೇ. ಕಾರ್ಯದರ್ಶಿಗಳಿಗೂ ಖುಷಿಯೇ ಆಯಿತು. ಮುಚ್ಚಿದ ಬಾಗಿಲುಗಳನ್ನು ಸಾಲಾಗಿ ತೋರಿಸಬಹುದಲ್ಲ. ಎರಡು ಕಾರು, ಇಬ್ಬರು ಪೊಲೀಸರು. ಕ್ಯಾಂಪಿನ ಗಲ್ಲಿಯ ತುದಿಯಲ್ಲಿ ಇಳಿದೆವು. ಮಳೆಮರ ಇನ್ನೂ ಇತ್ತು, ಬ್ರೆಡ್ಡಿನ ವಾಸನೆಯೂ ಇತ್ತು. ಒಂದು ಬಾಗಿಲೂ ತೆರೆದಿರಲಿಲ್ಲ. ಕಾರ್ಯದರ್ಶಿಗಳು ಕೈ ಮಾಡಿ ತೋರಿಸುತ್ತಾ, ನೋಡಿ ಸರ್, ನೋಡಿ ಸರ್ ಅನ್ನುತ್ತಾ ಮುಂದೆ ನಡೆದರು. ತಿರುಗಿ ನೋಡಿದರೆ ಮಂತ್ರಿಗಳು ಗಡಿಯಾರದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗೋಡೆಗೆ ತಲೆ ಆನಿಸಿದ್ದರು. ಒಳಗಿನಿಂದ ಟಿಕ್ ಟಿಕ್. ಕಣ್ಣು ಮುಚ್ಚಿಹೋಗಿತ್ತು.

ಎಬ್ಬಿಸಿ ಅಂದರು ಕಾರ್ಯದರ್ಶಿಗಳು. ಮಂತ್ರಿಗಳನ್ನು ಮುಟ್ಟಿ ಎಬ್ಬಿಸುವ ಅಧಿಕಾರ ನನಗಿಲ್ಲ ಅಂದೆ. ಪೊಲೀಸರೂ ಅದನ್ನೇ ಹೇಳಿದರು. ಸರಿ, ಅವರೇ ಏಳಲಿ ಅಂತ ಕಾರ್ಯದರ್ಶಿಗಳು ಪಕ್ಕದಲ್ಲಿ ಕೂತರು, ಬೆನ್ನು ನೆಟ್ಟಗೆ ಮಾಡಿಕೊಂಡು. ಕೆಳಗಿನ ಮೆಟ್ಟಿಲಲ್ಲಿ ನಾನು. ಮರದಿಂದ ಗುಲಾಬಿ ಬಣ್ಣದ ಸಣ್ಣ ಹೂವೊಂದು ಸುತ್ತುತ್ತಾ ಸುತ್ತುತ್ತಾ ಬಂದು ಕಾರ್ಯದರ್ಶಿಗಳ ತೊಡೆಯ ಮೇಲಿದ್ದ ಕಡತದ ಮೇಲೆ ಬಿತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಅವರ ಬೆನ್ನು ಮೊದಲ ಸಲ ಬಾಗಿದ್ದು ಅಲ್ಲಿ. ಅದನ್ನು ನೋಡಿದ ಮೇಲೆ ನನಗೂ ಏನೂ ನೆನಪಿಲ್ಲ.

ನಾಲ್ಕಕ್ಕೆ ಬಾಗಿಲು ತೆರೆಯಿತು. ಅಜ್ಜ ಕಂಡದ್ದು: ಮೆಟ್ಟಿಲ ಮೇಲೆ ಒಬ್ಬ ಮಂತ್ರಿ, ಮಂತ್ರಿಯ ಭುಜದ ಮೇಲೆ ಬಾಯಿ ತೆರೆದು ಒಬ್ಬ ಕಾರ್ಯದರ್ಶಿ, ಕೆಳಗೆ ಟೈಪಿಸ್ಟ್, ಮರಕ್ಕೆ ಒರಗಿ ಇಬ್ಬರು ಪೊಲೀಸರು. ಮಂತ್ರಿಗಳನ್ನು ಅಲುಗಿಸಿ, ಈ ಸಲವಾದರೂ ಪ್ರಶ್ನೆಯ ಹಾಳೆ ತಂದಿದ್ದೀರಾ ಅಂತ ಕೇಳಿದ. ಮಂತ್ರಿಗಳು ಕಣ್ಣುಜ್ಜಿಕೊಂಡು ಮರ ನೋಡಿದರು, ಕಡತ ನೋಡಿದರು. ಕಾರ್ಯದರ್ಶಿಗಳ ಕಡೆ ತಿರುಗಿದರು.

“ಈ ಬಾಗಿಲಾ ಮಧ್ಯಾಹ್ನ ಯಾಕ ತೆಗೀಬೇಕು?”

ಎಂಟು ದಿನದ ಮೇಲೆ ಆ ‘ಯಾಕ’ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಕಾರ್ಯದರ್ಶಿಗಳು ಕೆನ್ನೆಯ ಮೇಲೆ ಮಂತ್ರಿಗಳ ಕೋಟಿನ ಗುರುತು ಇಟ್ಟುಕೊಂಡೇ ಕಾರು ಹತ್ತಿದರು. ಕಚೇರಿಗೆ ವಾಪಸು ಬಂದು ಕಡತದ ಮೇಲೆ ತಮ್ಮ ಕೈಯಾರೆ ಬರೆದರು: ‘ಸ್ಥಳ ಪರಿಶೀಲನೆ ಮಾಡಲಾಯಿತು. ವಿಷಯ ಆಳವಾದದ್ದು. ತೀರ್ಮಾನಕ್ಕೆ ಮೊದಲು ಇನ್ನಷ್ಟು ಪರಿಶೀಲನೆ ಅಗತ್ಯ. ಪ್ರತಿ ಗುರುವಾರ, ಮಧ್ಯಾಹ್ನ ಎರಡು ಗಂಟೆ, ಅದೇ ಮೆಟ್ಟಿಲು.’

ಹೊಸ ಫಲಕ

ಗಲ್ಲಿಯಲ್ಲಿ ಹೋಗುತ್ತಿದ್ದ ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬಂತು. ವರದಿಗಾರರು ಮಂತ್ರಿಗಳನ್ನು ಸುತ್ತುವರಿದು, ನೀವು ಮಲಗಿದ್ದಿರಾ ಅಂತ ಕೇಳಿದರು. ಆಳವಾದ ಯೋಚನೆ ಅನ್ನಿ ಅಂತ ನಾನು ಹಿಂದಿನಿಂದ ಸನ್ನೆ ಮಾಡಿದೆ. ಅವರು ಹೌದು ಅಂದರು. ಎಷ್ಟು ಹೊತ್ತು? ನಾಲ್ಕರವರೆಗೆ, ಅಂಗಡಿ ತೆರೆದದ್ದಕ್ಕೆ ಎಚ್ಚರವಾಯಿತು ಅಂದರು. ಮುಂದಿನ ಸಲ ಮಂತ್ರಿಮಂಡಲ ಬದಲಾದಾಗ ಅವರ ಹೆಸರಿರಲಿಲ್ಲ. ಆ ಕಡತಕ್ಕೆ ಇವತ್ತಿಗೂ ಸಹಿ ಬಿದ್ದಿಲ್ಲ.

ನಾನು ವೈನಿಯ ಎದುರಿಗೆ ಹೋಗಿ ನಿಂತೆ. ನನ್ನಿಂದಲೇ ಮಂತ್ರಿ ಪದವಿ ಹೋಯಿತು, ಅಲ್ಲಿಗೆ ಕರೆದೊಯ್ದವನು ನಾನೇ ಅಂತ ಹೇಳಿ ಕಣ್ಣೊರೆಸಿಕೊಂಡೆ. ವೈನಿ ಚಹಾ ಇಟ್ಟರು. ಒಂದೇ ಮಾತು ಕೇಳಿದರು: “ನಿದ್ದಿ ಛಲೋ ಆಗಿತ್ತೇನು?” ಭಾಳ ಛಲೋ ಆಗಿತ್ತರಿ ಅಂದೆ. ಮತ್ತ್ಯಾಕ ಅಳ್ತೀ, ಚಹಾ ಕುಡಿ ಅಂದರು.

ಈಗ ನಾವೆಲ್ಲ ಮಾಜಿಗಳು. ಕಾರ್ಯದರ್ಶಿಗಳೂ ನಿವೃತ್ತರಾಗಿ, ಬೆಂಗಳೂರಿಗೆ ಹೋಗದೆ ಪುಣೆಯಲ್ಲೇ ಉಳಿದಿದ್ದಾರೆ. ಪರಿಶೀಲನೆ ಇನ್ನೂ ಮುಗಿದಿಲ್ಲವಂತೆ. ಗುರುವಾರ ಎರಡು ಗಂಟೆಗೆ ಮೂವರೂ ಮೆಟ್ಟಿಲ ಮೇಲೆ ಸೇರುತ್ತೇವೆ. ಅಜ್ಜ ಬಾಗಿಲು ಹಾಕುವ ಮುಂಚೆ ನಮಗೊಂದು ಚಾಪೆ ಹಾಸಿ ಹೋಗುತ್ತಾನೆ. ಹೋದ ತಿಂಗಳು ಹಳೆಯ ಫಲಕದ ಕೆಳಗೆ ಮರಾಠಿಯಲ್ಲಿ ಇನ್ನೊಂದು ಸಣ್ಣ ಫಲಕ ತೂಗುಹಾಕಿದ್ದಾನೆ: ‘ಮೆಟ್ಟಿಲ ಮೇಲೆ ಹಳೆಯ ಸರ್ಕಾರ ಮಲಗಿದೆ. ಎಬ್ಬಿಸಬಾರದು. ನಾಲ್ಕಕ್ಕೆ ತಾನಾಗಿಯೇ ಏಳುತ್ತದೆ.’